ಮೂರು ಉಸಿರು

"ಲೋವೆಲ್, ಜನವರಿಯಿಂದ ನಾನು..." ಎಂದು ಕೊರಿನ್ ಬಾಯಿ ತೆರೆದದ್ದೇ ತಡ, ಗಂಟೆ ಬಾರಿಸಿತು.

ಲೋವೆಲ್ ಚಮಚವನ್ನು ಬಟ್ಟಲಿನಲ್ಲಿ ಬಿಟ್ಟು ಕಣ್ಣು ಮುಚ್ಚಿದ. ಒಂದು ಉಸಿರು. ಓಟ್ಸ್ ಗಂಜಿಯ ಹಬೆ ಗಲ್ಲಕ್ಕೆ ತಾಗುತ್ತಿದೆ ಎಂದು ಗಮನಿಸಿದ. ಎರಡನೆಯ ಉಸಿರು. ಫ್ರಿಜ್ಜು ಗುಂಯ್ ಎನ್ನುತ್ತಿದೆ, ಗಮನಿಸಿದ. ಮೂರನೆಯ ಉಸಿರಿನ ನಡುವೆ, ಜನವರಿಯಿಂದ ಏನು, ಎಂಬ ಪ್ರಶ್ನೆ ನುಗ್ಗಿ ಬಂತು. ಪ್ರಶ್ನೆ ಬಂದಿದೆ ಎಂದು ಅದನ್ನೂ ಗಮನಿಸಿ, ಶಾಸ್ತ್ರಪ್ರಕಾರ ಅದರ ಪಾಡಿಗೆ ಅದನ್ನು ಬಿಟ್ಟ. ಅದು ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿತು.

"ಹೇಳು," ಎಂದ ಕಣ್ಣು ತೆರೆದು.

"ಏನು?"

"ಜನವರಿಯಿಂದ ಅಂದ್ಯಲ್ಲ."

"ಓ, ಅದಾ. ಏನಿಲ್ಲ. ಹೋಯ್ತು ಬಿಡು." ಕೊರಿನ್ ಗಂಜಿಗೆ ಇನ್ನಷ್ಟು ಮೇಪಲ್ ಪಾಕ ಸುರಿದುಕೊಂಡಳು. "ತಿನ್ನು, ಆರಿ ಹೋಗುತ್ತೆ."

ಒಂದು ಸಲ ಕೇಳಿದ್ದೇ ತಪ್ಪು. ಎರಡನೆಯ ಸಲ ಕೇಳುವ ಹಾಗೇ ಇಲ್ಲ. ಆ ನಿಯಮ ಮಾಡಿದವನು ಲೋವೆಲ್ಲೇ.

ಮೂರು ವರ್ಷದ ಹಿಂದೆ ಕಾಲೇಜಿನ ಮೀಟಿಂಗೊಂದರಲ್ಲಿ ಅವನು ಮೇಜು ಗುದ್ದಿ ಕೂಗಾಡಿ, ತನ್ನದೇ ಸಂಖ್ಯಾಶಾಸ್ತ್ರ ವಿಭಾಗವನ್ನು ಇಡಿಯಾಗಿ ಕತ್ತೆಗಳ ಹಿಂಡು ಎಂದು ಕರೆದಿದ್ದ. ಅದೇ ಸಂಜೆ ರಕ್ತದೊತ್ತಡ ಏರಿತು. ಡಾಕ್ಟರು ಮಾತ್ರೆ ಕೊಟ್ಟು, ಸ್ವಲ್ಪ ಸಮಾಧಾನದಿಂದ ಇರಿ ಎಂದರು. ಲೋವೆಲ್‌ಗೆ ಸ್ವಲ್ಪ ಎನ್ನುವುದು ಯಾವತ್ತೂ ಒಗ್ಗಿದ್ದಲ್ಲ. ಬೆಟ್ಟದ ಮೇಲೆ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿ, ಮೈಂಡ್‌ಫುಲ್‌ನೆಸ್ ಎಂಬ ಎಚ್ಚರದ ಅಭ್ಯಾಸ ಹತ್ತಿಸಿಕೊಂಡು ಬಂದ. ಬಂದವನೇ ಪಾತ್ರೆ ತೊಳೆಯುವ ಯಂತ್ರದ ವೈರು ಕಿತ್ತ. ಪಾತ್ರೆಯನ್ನು ಕೈಯಾರೆ, ಒಂದೊಂದಾಗಿ, ಪಾತ್ರೆಯ ಬಗ್ಗೆ ಮಾತ್ರ ಯೋಚಿಸುತ್ತ ತೊಳೆಯಬೇಕು. ಆ ಯಂತ್ರದಲ್ಲಿ ಈಗ ಆಲೂಗಡ್ಡೆ ಇರುತ್ತದೆ.

ಆಮೇಲೆ ಗಂಟೆ, ಫೋನಿನಲ್ಲಿ ಹಾಕಿಕೊಳ್ಳುವ ಒಂದು ಆ್ಯಪ್. ಅದನ್ನು ತನ್ನ ಫೋನಿಗೂ ಕೊರಿನ್‌ಳ ಫೋನಿಗೂ ಹಾಕಿದ. ತನಗೆ ತೋಚಿದಾಗ ಟಾಂಗ್ ಎನ್ನುತ್ತದೆ. ಬೇಕೆಂದರೆ ನಾವೂ ಒತ್ತಿ ಬಾರಿಸಬಹುದು. ಯಾರ ಫೋನು ಬಾರಿಸಲಿ, ಇಬ್ಬರೂ ಇದ್ದಲ್ಲೇ ನಿಂತು ಮೂರು ಉಸಿರು ಎಳೆಯಬೇಕು. ಆ ಮೂರು ಉಸಿರಿನಲ್ಲಿ ಕೈಬಿಟ್ಟದ್ದರ ಹಿಂದೆ, ಅರ್ಧಕ್ಕೆ ನಿಂತ ಮಾತೇ ಆಗಲಿ, ಮತ್ತೆ ಓಡಬಾರದು.

"ಟೋಸ್ಟ್ ಹೊತ್ತುತ್ತಿದ್ರೂ?" ಎಂದು ಕೊರಿನ್ ಆಗ ಕೇಳಿದ್ದಳು.

"ಹೊತ್ತಿದ್ರೂ."

ಹೊತ್ತಿದ ಟೋಸ್ಟ್ ಬಹಳ ತಿಂದಿದ್ದಾರೆ. ಒಮ್ಮೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದ ನಡುವೆ ಬಾರಿಸಿತು. ಎಲ್ಲರೂ ಮುಳ್ಳುಚಮಚ ಹಿಡಿದ ಕೈ ಹಿಡಿದಂತೇ ಕೂತರು. ಕೊರಿನ್‌ಳ ಅಣ್ಣ ಡೇಲ್ ಮಾತ್ರ ಟರ್ಕಿ ಕೋಳಿಯ ಕಾಲು ಬಿಡಲಿಲ್ಲ. ಆ ಮೌನದಲ್ಲಿ ಅವನು ಅಗಿಯುವ ಸದ್ದು ಮೇಜಿನ ಆಚೆ ತುದಿಯವರೆಗೂ ಕೇಳಿಸಿತು. ಅದರ ಮುಂದಿನ ವರ್ಷದಿಂದ ಡೇಲ್ ಹೆಂಡತಿಯ ತವರಿನಲ್ಲಿ ಹಬ್ಬ ಮಾಡುತ್ತಾನೆ.

ಹಾಗಾಗಿ ಲೋವೆಲ್ ಈಗ ಗಂಜಿ ತಿಂದ. ಒಂದೊಂದು ತುತ್ತಿನಲ್ಲೂ ಜನವರಿ ಸಿಗುತ್ತಿತ್ತು. ಅವಳು ಕೋಟು ಹಾಕಿಕೊಂಡು, ಅವನ ತಲೆಯ ಮೇಲೆ ಕೈಯಾಡಿಸಿ, ಅರ್ಧ ದಿನದ ಕೆಲಸಕ್ಕೆ ಹೊರಟಳು. ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ಕು ಅವಳದು. ಮುದುಕರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಸದ್ದು ಕೇಳಿಸಿದ ಕೂಡಲೇ ಗುಂಡಿ ಒತ್ತಿ ಎಂದು ದಿನವಿಡೀ ಹೇಳುವುದು ಅವಳ ಕೆಲಸ. ತಲೆಯ ಮೇಲೆ ಕೈಯಾಡಿಸುವುದು ಅವಳ ಅಭ್ಯಾಸವೇ, ಅಥವಾ ಇವತ್ತು ಮಾತ್ರವೇ? ಲೋವೆಲ್‌ಗೆ ನೆನಪಾಗಲಿಲ್ಲ. ದಿನದ ಪ್ರತಿ ಕ್ಷಣವನ್ನೂ ಗಮನಿಸುವ ಮನುಷ್ಯನಿಗೆ ಇದು ಗೊತ್ತಿರಬೇಕಿತ್ತು.

ಶನಿವಾರ ಊರಿನ ಲೈಬ್ರರಿಯ ನೆಲಮಾಳಿಗೆಯಲ್ಲಿ ಅವನು ಎಚ್ಚರದ ಅಭ್ಯಾಸದ ತರಗತಿ ನಡೆಸುತ್ತಾನೆ. ಬರುವವರು ಹೆಚ್ಚಾಗಿ ನಿವೃತ್ತರು. ಅವತ್ತೂ ಶನಿವಾರ, ನಡಿಗೆಯ ಪಾಠ. ಒಂದು ಹೆಜ್ಜೆಯನ್ನು ಎತ್ತುವುದು, ಒಯ್ಯುವುದು, ಇಡುವುದು. ಹಳೆಯ ಪತ್ರಿಕೆಗಳ ಕಪಾಟುಗಳ ನಡುವೆ ಎಲ್ಲರೂ ಕೊಕ್ಕರೆಗಳಂತೆ ಸಾಗುತ್ತಿದ್ದರು. ಸ್ಟೆಲ್ಲಾ ವೊಯ್ಚಿಕ್ ಎಂಬಾಕೆ ಮಾತ್ರ ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿ ವಾಪಸು ಬರುತ್ತಿದ್ದಳು. ಆಕೆ ಬದುಕಿಡೀ ಸ್ಕೂಲ್ ಬಸ್ ಓಡಿಸಿದವಳು. ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

"ನಿಧಾನ, ಸ್ಟೆಲ್ಲಾ."

"ಇದಕ್ಕಿಂತ ನಿಧಾನ ಅಂದ್ರೆ ಹಿಂದಕ್ಕೆ ಹೋಗ್ತೀನಿ, ಮೇಷ್ಟ್ರೇ."

ನಡಿಗೆ ಮುಗಿದ ಮೇಲೆ ವೃತ್ತಾಕಾರವಾಗಿ ಕೂತರು. ಲೋವೆಲ್ ಎಂದಿನಂತೆ ಗಂಟೆಯ ಮಹಿಮೆ ಹೇಳಿದ. ಇದನ್ನು ಅವನು ಹೇಳದ ತರಗತಿಯಿಲ್ಲ. ಗಂಟೆ ಹೊತ್ತುಗೊತ್ತಿಲ್ಲದೆ ಬಾರಿಸುವುದೇನೋ ಸರಿ. ಆದರೆ ಮನೆಯಲ್ಲಿ, ತನ್ನ ಅಹಂಕಾರ ಹೆಡೆಯೆತ್ತಿದ ಹೊತ್ತಿಗೆ, ತಾನು ಯಾರ ಮೇಲೋ ಹರಿಹಾಯುತ್ತಿರುವಾಗ, ಕರೆದ ಹಾಗೆ ಬಾರಿಸುತ್ತದೆ.

"ಅದಕ್ಕೆ ಹೇಗೆ ಗೊತ್ತಾಗುತ್ತೆ?" ಎಂದಳು ಸ್ಟೆಲ್ಲಾ.

"ಅದೇ ಸೋಜಿಗ."

"ನೀವು ಲೆಕ್ಕದ ಮೇಷ್ಟ್ರಲ್ವಾ?"

"ಸಂಖ್ಯಾಶಾಸ್ತ್ರ. ಆದರೆ ಎಲ್ಲವೂ ಲೆಕ್ಕಕ್ಕೆ ಸಿಗೋದಿಲ್ಲ, ಸ್ಟೆಲ್ಲಾ."

ಹೀಗೆ ಹೇಳಿದಾಗ ಸಾಮಾನ್ಯವಾಗಿ ಅವನಿಗೆ ಹಿತವೆನಿಸುತ್ತಿತ್ತು. ಇವತ್ತು ಅನಿಸಲಿಲ್ಲ. ತಡೆಯಲಾರದೆ, ತನ್ನ ಸ್ನೇಹಿತನೊಬ್ಬನ ಕಥೆ ಎಂದು ಹೇಳಿ, ಬೆಳಗಿನ ಸಂಗತಿಯನ್ನು ಅವರ ಮುಂದಿಟ್ಟ. ಹೆಂಡತಿ 'ಜನವರಿಯಿಂದ ನಾನು' ಎಂದಳು. ಅಷ್ಟರಲ್ಲಿ ಏನೋ ಅಡ್ಡ ಬಂತು. ಆಮೇಲೆ ಹೇಳಲೊಲ್ಲಳು. ಇಂಥ ಕಡೆ ಮನಸ್ಸನ್ನು ಹೇಗೆ ನಿಲ್ಲಿಸಬೇಕು?

ಮನಸ್ಸಿನ ವಿಷಯ ಯಾರಿಗೂ ಬೇಕಾಗಲಿಲ್ಲ.

"ಸಕ್ಕರೆ ಬಿಡ್ತಾಳೆ," ಎಂದರು ಒಬ್ಬರು. "ಈಜೋದಕ್ಕೆ ಸೇರ್ತಾಳೆ," ಎಂದರು ಇನ್ನೊಬ್ಬರು. "ನಾಯಿ ಸಾಕ್ತಾಳೆ."

"ನಾಯಿ ಸಾಕೋಕೆ ಜನವರಿ ತನಕ ಯಾಕೆ ಕಾಯ್ತಾರೆ?" ಎಂದಳು ಸ್ಟೆಲ್ಲಾ. "ಜನವರಿಯಿಂದ ಅನ್ನೋರು ಜುಲೈಯಿಂದ ಯೋಚನೆ ಮಾಡಿರ್ತಾರೆ. ನಿಮ್ಮ ಸ್ನೇಹಿತನಿಗೆ ಹೇಳಿ, ಬಾಯಿ ಬಿಟ್ಟು ಕೇಳಲಿ."

"ಕೇಳುವ ಹಾಗಿಲ್ಲ. ಅವರ ಮನೆಯ ನಿಯಮ."

"ಎಂಥಾ ಮನೆ ಅದು," ಎಂದಳು ಸ್ಟೆಲ್ಲಾ. "ನನ್ನ ಗಂಡ ಸ್ಟ್ಯಾನ್ ವರ್ಷಕ್ಕೆ ನಾಲ್ಕು ಮಾತಾಡ್ತಿದ್ದ. ಆದರೆ ಶುರು ಮಾಡಿದ ಮಾತನ್ನ ಮನೆಗೆ ಬೆಂಕಿ ಬಿದ್ದರೂ ಮುಗಿಸೋನು."

ಎಲ್ಲರೂ ನಕ್ಕರು. ಲೋವೆಲ್ ಕೂಡ ನಕ್ಕ. ಹೆದರಿಕೆ, ಎಂದು ಒಳಗೊಳಗೇ ಗಮನಿಸಿದ. ಹೆದರಿಕೆ, ಹೆದರಿಕೆ. ಹೆಸರಿಟ್ಟು ಕರೆದರೆ ಭಾವನೆ ಕರಗುತ್ತದೆ ಎಂದು ಅದೇ ಗುಂಪಿಗೆ ಅವನು ಹಿಂದಿನ ವಾರ ಕಲಿಸಿದ್ದ. ಇದು ಹೆಸರು ಹಿಡಿದು ಕರೆದ ಕೂಡಲೇ ಹತ್ತಿರ ಬಂತು.

ಮನೆಗೆ ಬಂದಾಗ ಕೊರಿನ್ ಆಗಲೇ ಹಿತ್ತಲಿನಲ್ಲಿ ಎಲೆ ಬಾಚುತ್ತಿದ್ದಳು. ನವೆಂಬರಿನ ಮಧ್ಯಾಹ್ನ, ಮೇಪಲ್ ಮರ ತನ್ನದೆಲ್ಲವನ್ನೂ ಉದುರಿಸಿ ನಿಂತಿತ್ತು. ಲೋವೆಲ್ ಕಾರಿನಲ್ಲೇ ಕೂತು ಒಂದು ಪಾಪ ಮಾಡಿದ. ತನ್ನ ಫೋನಿನ ಗಂಟೆಯನ್ನು ಬಂದ್ ಮಾಡಿದ. ಮೂರು ವರ್ಷದಲ್ಲಿ ಇದೇ ಮೊದಲು. ಅವಳು ಮತ್ತೆ ಬಾಯಿ ತೆರೆದರೆ ಈ ಸಲ ಅಡ್ಡ ಬರುವುದು ತನ್ನ ಫೋನಾಗಬಾರದು.

ಅವಳು ಬಾಯಿ ತೆರೆಯಲಿಲ್ಲ. ಹಾಗಾಗಿ ಅವನೇ ಶುರು ಮಾಡಿದ.

"ಇವತ್ತು ಸ್ಟೆಲ್ಲಾ ಏನಂದಳು ಗೊತ್ತಾ? ನಾನು ನಡಿಗೆಯ ಹಿಂದಿನ ತತ್ವ ಹೇಳ್ತಿದ್ದೆ. ತತ್ವ ಏನಪ್ಪಾ ಅಂದ್ರೆ, ನಾವು ಸಾಮಾನ್ಯವಾಗಿ ನಡೆಯೋವಾಗ..."

ಟಾಂಗ್.

ಲೋವೆಲ್ ಕಣ್ಣು ಮುಚ್ಚಿದ. ಒಂದು ಉಸಿರು. ಒದ್ದೆ ಎಲೆಯ ವಾಸನೆ. ಎರಡನೆಯ ಉಸಿರಿಗೆ ಬಂದಾಗ, ಇದು ನನ್ನದಲ್ಲ, ಅವಳದು, ಎಂದು ಹೊಳೆಯಿತು. ಅದರಲ್ಲೇನೂ ವಿಶೇಷವಿಲ್ಲ, ಅವಳ ಫೋನಿನಲ್ಲೂ ಗಂಟೆಯಿದೆ. ಆದರೂ ಅವನು ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದ.

ಕೊರಿನ್ ಎಲೆ ಬಾಚುವ ಕೋಲಿಗೆ ಒರಗಿ ನಿಂತಿದ್ದಳು. ಕಣ್ಣು ಪೂರ್ತಿ ತೆರೆದಿತ್ತು. ಪಕ್ಕದ ಮನೆಯ ಚಾವಣಿಯ ಮೇಲೆ ಅಳಿಲೊಂದು ಓಡಾಡುವುದನ್ನು ನೋಡುತ್ತಿದ್ದಳು, ರಜೆಯಲ್ಲಿರುವವಳ ಹಾಗೆ. ಒಂದು ಕೈ ಜಾಕೆಟ್ಟಿನ ಜೇಬಿನಲ್ಲಿತ್ತು.

ಅವನು ಲಗುಬಗೆಯಿಂದ ಕಣ್ಣು ಮುಚ್ಚಿ ಮೂರನೆಯ ಉಸಿರನ್ನು ಮುಗಿಸಿದ.

ಎಷ್ಟಾದರೂ ಸಂಖ್ಯಾಶಾಸ್ತ್ರದ ಮೇಷ್ಟ್ರು. ಒಂದು ಸಲ ಆದದ್ದನ್ನು ನಂಬುವಂತಿಲ್ಲ.

"ಎಲೆ ಒದ್ದೆಯಾಗಿದೆ," ಎಂದ.

"ಹೂಂ."

ಗಂಟೆಯಿಲ್ಲ.

"ಎಂಬತ್ತೊಂಬತ್ತರಲ್ಲಿ ನಮ್ಮಪ್ಪ ಹೀಗೇ ಎಲೆ ರಾಶಿ ಹಾಕೋವಾಗ ನನಗೆ ಒಂದು ಮಾತು ಹೇಳಿದ್ದ..."

ಟಾಂಗ್. ಮೂರು ಉಸಿರು.

"ಚೀಲ ಸಾಕಾಗುತ್ತಾ?"

"ಸಾಕು."

"ರಾತ್ರಿಗೆ ಸೂಪ್ ಮಾಡ್ಲಾ?"

"ಮಾಡು. ನಿನ್ನೆಯ ಬ್ರೆಡ್ ಇದೆ."

ಗಂಟೆಯಿಲ್ಲ. ಲೋವೆಲ್ ಒಂದು ಹಿಡಿ ಎಲೆ ಎತ್ತಿ ಚೀಲಕ್ಕೆ ಹಾಕಿ, ಏನೂ ಗೊತ್ತಿಲ್ಲದವನ ಹಾಗೆ ಕೊನೆಯ ಪರೀಕ್ಷೆ ಮಾಡಿದ. "ನಮ್ಮ ವಿಭಾಗದ ಆ ಪ್ರಕರಣದಲ್ಲಿ ನಿಜವಾಗಿ ತಪ್ಪು ಯಾರದು..."

ಟಾಂಗ್. ಈ ಸಲ 'ಅಂದ್ರೆ' ಎನ್ನುವುದಕ್ಕೂ ಪುರಸೊತ್ತು ಕೊಡಲಿಲ್ಲ.

ಮೊದಲು ಅವನಿಗೆ ನಗು ಬಂತು. ಕಣ್ಣು ಮುಚ್ಚಿ ಉಸಿರೆಳೆಯುತ್ತ ಹೊಟ್ಟೆಯೊಳಗೇ ನಕ್ಕ. ಎಂಥ ಕಿಲಾಡಿ. ಮೂರು ವರ್ಷ. ತಾನು ಬರೆಯಬೇಕೆಂದಿದ್ದ ಪುಸ್ತಕದ ಎರಡನೆಯ ಅಧ್ಯಾಯ ಯಾವತ್ತೂ ಮೊದಲ ವಾಕ್ಯ ದಾಟಲಿಲ್ಲ. ಕಾಲೇಜಿನ ಡೀನ್‌ನ ಜೊತೆಗಿನ ಜಗಳವನ್ನು ಪೂರ್ತಿ ಕೇಳಿದವರು ಭೂಮಿಯ ಮೇಲೆ ಯಾರೂ ಇಲ್ಲ. ಅಮ್ಮ ತೀರಿಕೊಂಡ ವಾರ, ಆಸ್ಪತ್ರೆಯ ಕೊನೆಯ ಮಧ್ಯಾಹ್ನದ ಬಗ್ಗೆ ಹೇಳಲು ಹೋದಾಗಲೂ ಬಾರಿಸಿತ್ತು; ಆಗ ಅವನು ಆ ಮೂರು ಉಸಿರಿನಲ್ಲಿ ಅತ್ತು, ಕೊನೆಯಲ್ಲಿ ಗಂಟೆಗೆ ಕೈಮುಗಿದಿದ್ದ.

ಅಲ್ಲಿಗೆ ನಗು ನಿಂತಿತು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಹೊಳೆಯಿತು. ಸೂಪಿಗೆ ಕ್ಯಾರೆಟ್ ಹೆಚ್ಚುತ್ತಿರುವಾಗ, ಕ್ಯಾರೆಟ್ಟಿನ ಬಗ್ಗೆ ಮಾತ್ರ ಯೋಚಿಸಬೇಕಾದ ಹೊತ್ತಿನಲ್ಲಿ. ಬೆಳಿಗ್ಗೆ ಅವನ ಫೋನು ಮಲಗುವ ಕೋಣೆಯಲ್ಲಿ ಚಾರ್ಜಿಗಿತ್ತು. ಅಡಿಗೆಮನೆಯಲ್ಲಿ ಬಾರಿಸಿದ್ದು ಕೊರಿನ್‌ಳದು. ಮಾತು ಶುರು ಮಾಡಿದವಳೂ ಅವಳೇ, ನಿಲ್ಲಿಸಿದವಳೂ ಅವಳೇ. ಅವನ ಬಾಯಿ ಮುಚ್ಚಿಸುತ್ತಿದ್ದ ಗಂಟೆಯನ್ನು ಅವಳು ತನಗೇ ಬಾರಿಸಿಕೊಂಡಿದ್ದಳು. ಹಾಗೆ ಬಾರಿಸಿಕೊಳ್ಳಬೇಕಾದರೆ ಆ ಮಾತು ಎಷ್ಟು ದೊಡ್ಡದಿರಬೇಕು?

ಅವಳು ತನ್ನನ್ನು ಬಿಟ್ಟು ಹೋಗುತ್ತಾಳೆ ಎಂದು ಅವನಿಗೆ ಅನಿಸಿತು. ಅನಿಸಿಕೆ, ಎಂದು ಗಮನಿಸಿದ. ಕ್ಯಾರೆಟ್ ಹೆಚ್ಚುವ ಕೈ ಮಾತ್ರ ನಿಂತಿತ್ತು.

ಸಂಜೆ ಬೇಗ ಕತ್ತಲಾಯಿತು. ಸೂಪ್ ಬಡಿಸಿಕೊಂಡು ಎದುರುಬದುರು ಕೂತರು. ಕೊರಿನ್ ಬ್ರೆಡ್ ಮುರಿದು ಅರ್ಧ ಅವನಿಗೆ ಕೊಟ್ಟಳು.

"ಕೊರಿನ್."

"ಹೂಂ?"

"ಗಂಟೆ ನೀನೇ ಬಾರಿಸ್ತೀಯ."

ಅವಳು ಬ್ರೆಡ್ಡನ್ನು ಸೂಪಿಗೆ ಅದ್ದಿ, ಪೂರ್ತಿ ನೆನೆಯುವ ತನಕ ಅದನ್ನೇ ನೋಡಿದಳು.

"ಯಾವಾಗ ಗೊತ್ತಾಯ್ತು?"

"ಮಧ್ಯಾಹ್ನ. ಹಿತ್ತಲಲ್ಲಿ."

"ಅದಕ್ಕೇ ನಿಮ್ಮಪ್ಪನ್ನ ಎಳ್ಕೊಂಡು ಬಂದ್ಯಾ?"

"ಪರೀಕ್ಷೆ ಮಾಡಬೇಕಿತ್ತು."

"ಎಲೆ ಒದ್ದೆ ಅಂದ್ಯಲ್ಲ, ಆಗಲೇ ನಂಗೆ ಅನುಮಾನ ಬಂತು. ಅಷ್ಟು ಚಿಕ್ಕ ಮಾತು ನಿನ್ನ ಬಾಯಲ್ಲಿ ನಾನು ಕೇಳೇ ಇಲ್ಲ."

ಅವನ ತುಟಿ ಅದುರಿತು. ಅವಳದೂ ಅದುರಿತು. ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು. ಕೊರಿನ್ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಡೀನ್ ಕಥೆ," ಎಂದಳು, "ಆರು ಸಲ," ಎಂದಳು, ಮತ್ತೆ ನಕ್ಕಳು. ಅವಳು ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ. ಲೋವೆಲ್‌ಗೆ ನಿಜವಾಗಿ ಸಂತೋಷವಾಯಿತು. ಆ ಸಂತೋಷವನ್ನು ಗಮನಿಸಲು ಮರೆತ.

"ಮೊದಲ ಸಲ ಬೇಕಂತ ಮಾಡಿದ್ದಲ್ಲ," ಎಂದಳು ಉಸಿರು ಹತೋಟಿಗೆ ಬಂದ ಮೇಲೆ. "ಟೈಮ್ ನೋಡೋಕೆ ಫೋನ್ ತೆಗೆದೆ, ಬೆರಳು ತಾಗಿತು. ನೀನು ಮಾತಿನ ಮಧ್ಯದಲ್ಲೇ ನಿಂತೆ. ಕಣ್ಣು ಮುಚ್ಚಿದೆ. ಹಣೆ ಮೇಲಿನ ಗೆರೆ ಎಲ್ಲ ಹೋಯ್ತು. ಎಷ್ಟು ಚೆನ್ನಾಗಿ ಕಾಣ್ತಿದ್ದೆ ಗೊತ್ತಾ?"

"ಆಮೇಲೆ?"

"ಆಮೇಲೆ ನೀನು ಕಣ್ಣು ತೆರೆದೆ."

ಅವನು ಚಮಚ ಕೆಳಗಿಟ್ಟ.

"ಆ ಮೂರು ಉಸಿರಲ್ಲಿ ನೀನು ನಂಗೆ ತುಂಬ ಇಷ್ಟ, ಲೋವೆಲ್," ಎಂದಳು. ತಮಾಷೆ ಮಾಡುತ್ತಿರಲಿಲ್ಲ.

"ಉಳಿದ ಹೊತ್ತು?"

ಕೊರಿನ್ ಬಟ್ಟಲಿನ ಅಂಚಿಗೆ ಅಂಟಿದ್ದ ಕ್ಯಾರೆಟ್ ಚೂರನ್ನು ಒಳಗೆ ತಳ್ಳಿದಳು. "ಸೂಪಿಗೆ ಉಪ್ಪು ಸರಿಯಾಗಿದೆ," ಎಂದಳು.

ಲೋವೆಲ್ ಎದ್ದ. ತನ್ನ ಫೋನನ್ನು ಜೇಬಿನಿಂದ ತೆಗೆದ. ಕೈ ಚಾಚಿದ; ಅವಳೂ ತನ್ನದನ್ನು ಕೊಟ್ಟಳು. ಎರಡನ್ನೂ ಒಯ್ದು ಬ್ರೆಡ್ ಡಬ್ಬಿಯಲ್ಲಿ ಹಾಕಿ ಮುಚ್ಚಳ ಎಳೆದ. ವಾಪಸು ಬಂದು ಕೂತು, ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟ.

"ಈಗ ಹೇಳು. ಜನವರಿಯಿಂದ?"

ಕೊರಿನ್ ಕೈಯೊರೆಸಿಕೊಂಡಳು. ನ್ಯಾಪ್‌ಕಿನ್ನನ್ನು ನಾಲ್ಕು ಮಡಿಕೆ ಮಾಡಿ ಬಟ್ಟಲಿನ ಪಕ್ಕಕ್ಕಿಟ್ಟಳು. ಅವನನ್ನು ನೇರವಾಗಿ ನೋಡಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಅವಳು ಬಾಯಿ ತೆರೆದಳು.

ಎಲ್ಲೂ ಗಂಟೆ ಬಾರಿಸಲಿಲ್ಲ. ಲೋವೆಲ್ ಕಣ್ಣು ಮುಚ್ಚಿದ.

ಒಂದು ಉಸಿರು.

"ಲೋವೆಲ್."

ಎರಡು. ಹುಬ್ಬು ಸಡಿಲ ಬಿಟ್ಟ. ದವಡೆ ಸಡಿಲ ಬಿಟ್ಟ. ಹಣೆಯ ಗೆರೆಗಳು ಹೋಗಿರಬೇಕು ಎಂದುಕೊಂಡ.

"ಲೋವೆಲ್, ಗಂಟೆ ಬಾರಿಸಿಲ್ಲ."

ಮೂರು. ಇಲ್ಲಿಗೆ ತೆರೆಯಬೇಕಿತ್ತು. ತೆರೆಯಲಿಲ್ಲ. ಈ ಮುಖ ಅವಳಿಗೆ ಇಷ್ಟ. ನಾಲ್ಕನೆಯ ಉಸಿರನ್ನು ಮೆಲ್ಲಗೆ, ಎಲ್ಲೂ ತುಳುಕದಂತೆ ಒಳಗೆ ತೆಗೆದುಕೊಂಡ. ಅವಳು ನೋಡುತ್ತಿದ್ದಾಳೆ ಎಂದು ಖಚಿತವಾಗಿ ಅನಿಸಿತು. ಆಮೇಲೆ ಅಷ್ಟು ಖಚಿತ ಅನಿಸಲಿಲ್ಲ.

ಕುರ್ಚಿ ಸರಿಯಿತು. ಶಬ್ದ, ಎಂದು ಗಮನಿಸಿದ. ಹೆಜ್ಜೆ. ಎತ್ತಿದ್ದು, ಒಯ್ದದ್ದು, ಇಟ್ಟದ್ದು. ಗೋಡೆಯ ಮೊಳೆಯಿಂದ ಏನನ್ನೋ ತೆಗೆದುಕೊಂಡ ಸದ್ದು. ಪಾತ್ರೆ ಒರೆಸುವ ಬಟ್ಟೆಯೂ ಅಲ್ಲೇ ನೇತಾಡುತ್ತದೆ, ಕೋಟೂ ಅಲ್ಲೇ ನೇತಾಡುತ್ತದೆ. ಸ್ವಲ್ಪ ಹೊತ್ತಿಗೆ ಅವನ ಕಾಲಿನ ಗಿಣ್ಣುಗಳ ಸುತ್ತ ತಣ್ಣನೆಯ ಗಾಳಿ ಸುಳಿಯಿತು. ಸೂಪಿನ ಹಬೆ ಹೋಗಲೆಂದು ಕಿಟಕಿ ತೆರೆದಿರಬಹುದು.

ತಂಪು, ಎಂದು ಗಮನಿಸಿದ.

ತುಟಿಯ ಎಡ ತುದಿ ಒಂದಿಷ್ಟು ಬಿಗಿದಿತ್ತು. ಅದನ್ನು ಸಡಿಲ ಮಾಡಿ, ಮುಖವನ್ನು ಎದುರಿನ ಕುರ್ಚಿಯ ಕಡೆಗೆ ಇನ್ನೂ ಚೆನ್ನಾಗಿ ಕಾಣುವಂತೆ ಸ್ವಲ್ಪ ಮೇಲೆತ್ತಿ ಹಿಡಿದ.